ಕರ್ನಲ್‌ಗೊಂದು ವಾಚು, ಒಂದು ವಿಸಿಲ್: ಟೈಮರ್ ಡ್ರೈವರ್ ಬರೆಯುವ ಮಾರ್ಗದರ್ಶಿ

ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆ ಮಾಳಿಗೆಯಲ್ಲಿ ಶನಿವಾರ ಐದಾರು ಮಂದಿ ಸೇರುತ್ತೇವೆ. ಹೆಚ್ಚಿನವರು ಎಂಜಿನಿಯರಿಂಗ್ ಓದುವ ಮಕ್ಕಳು. ಎಲ್ಲರೂ ತಮ್ಮದೇ ಪುಟ್ಟ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಬರೆಯುತ್ತಿದ್ದಾರೆ. ಬೂಟ್ ಆಗುತ್ತದೆ, ಸ್ಕ್ರೀನಿನ ಮೇಲೆ ಅಕ್ಷರ ಮೂಡುತ್ತದೆ, ಕೀ ಒತ್ತಿದರೆ ಉತ್ತರ ಬರುತ್ತದೆ. ಅಲ್ಲಿಯವರೆಗೆ ಖುಷಿಯೋ ಖುಷಿ. ಆಮೇಲೆ ಟೈಮರ್ ಬರುತ್ತದೆ. ಒಬ್ಬೊಬ್ಬರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಕಾರಣ ಇಷ್ಟೇ. ಟೈಮರ್ ಓಡಿಸಲು ನಾಲ್ಕು ಸಾಲು ಕೋಡ್ ಸಾಕು. ಆ ನಾಲ್ಕು ಸಾಲು ಓಡಿದ ಕೂಡಲೇ ಕೆಲಸ ಮುಗಿಯಿತು ಅಂತ ಅನಿಸುತ್ತದೆ. ಮುಗಿದಿರುವುದಿಲ್ಲ. ಮೊದಲ ದಿನ ಸರಿಯಾಗಿ ಓಡಿದ ಗಡಿಯಾರ ಎರಡನೇ ದಿನ ಮುಂದೆ ಹೋಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಈ ಲೇಖನ ಆ ನಾಲ್ಕು ಸಾಲಿನ ಆಚೆಗಿನ ಕೆಲಸದ ಬಗ್ಗೆ.

ನಿಮ್ಮ ಹತ್ತಿರ ಏನಿರಬೇಕು? 32 ಅಥವಾ 64 ಬಿಟ್‌ನ ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರ್) ಕರ್ನಲ್, ಇಂಟರಪ್ಟ್ ಟೇಬಲ್, ಕಂಪ್ಯೂಟರನ್ನು ಅನುಕರಿಸುವ ಕ್ಯೂಇಎಂಯು ಎಮ್ಯುಲೇಟರ್. ಇಂಟರಪ್ಟ್ ಎಂದರೆ ಪ್ರೊಸೆಸರ್‌ನ ಕೆಲಸ ತಡೆದು ಕರೆಯುವ ಸೂಚನೆ, ಯಾವುದು ಬಂದರೆ ಯಾವ ಕೋಡ್ ಓಡಬೇಕು ಎಂಬ ಪಟ್ಟಿಯೇ ಆ ಟೇಬಲ್. ಸಿ ಆದರೂ ಸರಿ, ರಸ್ಟ್ ಆದರೂ ಸರಿ. ಕೆಳಗೆ ಕೋಡ್ ಬೇಕಾದಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ನಿಮ್ಮ ಭಾಷೆಗೆ ಇಳಿಸಿಕೊಳ್ಳುವುದು ಕಷ್ಟವಿಲ್ಲ.

ಚಿಪ್ ಮುಟ್ಟುವ ಮೊದಲು

ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಮಂಗಳೂರು ಬಸ್ಸಿನ ಕಂಡಕ್ಟರನ್ನು ಸ್ವಲ್ಪ ಹೊತ್ತು ನೋಡಿ. ಅವರು ಎರಡು ಕೆಲಸ ಮಾಡುತ್ತಾರೆ. ಆಗಾಗ ವಾಚು ನೋಡುತ್ತಾರೆ. ಹೊರಡುವ ಟೈಮ್ ಬಂದಾಗ ವಿಸಿಲ್ ಊದುತ್ತಾರೆ. ವಾಚು ವಿಸಿಲ್ ಊದುವುದಿಲ್ಲ, ವಿಸಿಲ್‌ಗೆ ಗಂಟೆ ಎಷ್ಟು ಅಂತ ಗೊತ್ತಿಲ್ಲ.

ಟೈಮರ್ ಡ್ರೈವರ್‌ನ, ಅಂದರೆ ಟೈಮರ್ ಚಿಪ್ಪನ್ನು ನಡೆಸುವ ಕೋಡ್‌ನ, ಇಡೀ ವಿನ್ಯಾಸ ಇದರಲ್ಲೇ ಇದೆ. ಕರ್ನಲ್ ಟೈಮರ್ ಹತ್ತಿರ ಕೇಳುವುದು ಎರಡೇ ಮಾತು. ಒಂದು: ಬೂಟ್ ಆದಾಗಿನಿಂದ ಎಷ್ಟು ಹೊತ್ತಾಯ್ತು? ಇನ್ನೊಂದು: ಇಂಥ ಹೊತ್ತಿಗೆ ನನ್ನನ್ನು ಎಬ್ಬಿಸು. ಮೊದಲನೆಯದು ವಾಚಿನ ಕೆಲಸ, ಎರಡನೆಯದು ವಿಸಿಲ್ ಕೆಲಸ. ಲಿನಕ್ಸ್ ಕೂಡ ಇವನ್ನು ಕ್ಲಾಕ್‌ಸೋರ್ಸ್, ಕ್ಲಾಕ್‌ಇವೆಂಟ್ ಎಂದು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ನೀವೂ ಮೊದಲ ದಿನದಿಂದಲೇ ಬೇರೆ ಇಡಿ. ಕಾಗದದ ಮೇಲೆ ಇಷ್ಟು ಬರೆದುಕೊಳ್ಳಿ:

ವಾಚು: ಹೆಸರು, ಸೆಕೆಂಡಿಗೆ_ಎಷ್ಟು_ಎಣಿಕೆ, ಓದು()
ವಿಸಿಲ್: ಹೆಸರು, ಹೊಂದಿಸು(ಯಾವಾಗ), ನಿಲ್ಲಿಸು()

ಶೆಡ್ಯೂಲರ್ (ಪ್ರೊಸೆಸ್‌ಗಳಿಗೆ ಸರದಿ ಹಂಚುವ ಕೋಡ್), ಸ್ಲೀಪ್, ನೆಟ್‌ವರ್ಕ್ ಕೋಡ್, ಯಾವುದೂ ಇದರ ಕೆಳಗೆ ಇಣುಕಬಾರದು. ಚಿಪ್ಪಿನ ಪೋರ್ಟ್ ನಂಬರ್ ಡ್ರೈವರ್ ಫೈಲಿನ ಹೊರಗೆ ಒಂದು ಕಡೆ ಕಂಡರೂ ವಿನ್ಯಾಸ ಸೋರಿದೆ ಎಂದೇ ಅರ್ಥ.

ದಿನಾಂಕ, ತಿಂಗಳು, ವರ್ಷ ಇದರಲ್ಲಿ ಸೇರಿಸಬೇಡಿ. ಅದು ಬ್ಯಾಟರಿಯಲ್ಲಿ ಓಡುವ ಆರ್‌ಟಿಸಿ ಚಿಪ್‌ನ ಕೆಲಸ. ಜೂನ್‌ನಲ್ಲಿ ನಮ್ಮಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋದರೂ ಕಂಪ್ಯೂಟರ್‌ಗೆ ತಾರೀಕು ನೆನಪಿರುವುದು ಅದರಿಂದಲೇ. ಬೂಟ್ ಆಗುವಾಗ ಅದನ್ನು ಒಮ್ಮೆ ಓದಿ, ಬದಿಗಿಡಿ. ನಮ್ಮ ವಾಚು ಸೊನ್ನೆಯಿಂದ ಶುರುವಾಗಿ ಮುಂದಕ್ಕೆ ಮಾತ್ರ ಹೋಗುವ ವಾಚು. ಬಳಕೆದಾರರು ತಾರೀಕು ಬದಲಿಸಿದರೂ ಅದು ಕದಲಬಾರದು.

ಚಿಪ್ ಎಬ್ಬಿಸುವುದು

ಮೊದಲ ಡ್ರೈವರ್‌ಗೆ ನಾನು ಹೇಳುವುದು ಪಿಐಟಿ ಚಿಪ್, ಅಂದರೆ ಇಂಟೆಲ್ 8253 ಅಥವಾ 8254. 1981ರ ಐಬಿಎಂ ಪಿಸಿಯಲ್ಲೇ ಇತ್ತು. ಹಳೆಯದು ಹೌದು. ಆದರೆ ಇದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಇದರೊಳಗೆ 16 ಬಿಟ್‌ನ ಮೂರು ಕೌಂಟರ್‌ಗಳಿವೆ. ನಮಗೆ ಬೇಕಾದ್ದು ಸೊನ್ನೆಯ ಚಾನೆಲ್. ಸೆಕೆಂಡಿಗೆ 1193182 ಸಲ ಕೌಂಟರ್ ಒಂದೊಂದಾಗಿ ಇಳಿಯುತ್ತದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತೀರಾ? ಆಗಿನ ಬೋರ್ಡಿನಲ್ಲಿದ್ದದ್ದು 14.31818 ಮೆಗಾಹರ್ಟ್ಸ್ ಕ್ರಿಸ್ಟಲ್, ಅಮೆರಿಕದ ಕಲರ್ ಟಿವಿ ಸಿಗ್ನಲ್‌ನ ನಾಲ್ಕು ಪಟ್ಟು. ಅದನ್ನೇ 12ರಿಂದ ಭಾಗಿಸಿ ಟೈಮರ್‌ಗೆ ಕೊಟ್ಟರು.

ಕೌಂಟರ್ ಒಂದು ಸುತ್ತು ಮುಗಿಸಿ ಇಂಟರಪ್ಟ್ ಕಳಿಸುವುದೇ ಒಂದು ಟಿಕ್. ಸೆಕೆಂಡಿಗೆ 100 ಟಿಕ್ ಬೇಕಾದರೆ 1193182ನ್ನು 100ರಿಂದ ಭಾಗಿಸಿ. 11931.82 ಬರುತ್ತದೆ. ಹತ್ತಿರದ ಪೂರ್ಣ ಸಂಖ್ಯೆ 11932. ಇದೇ ಭಾಜಕ. ಕಮಾಂಡ್ ಪೋರ್ಟ್, ಅಂದರೆ ಚಿಪ್‌ಗೆ ಆಜ್ಞೆ ಬರೆಯುವ ವಿಳಾಸ, ಹೆಕ್ಸ್ 43 (ಹೆಕ್ಸ್ ಎಂದರೆ 16ರ ಆಧಾರದ ಸಂಖ್ಯೆ), ಚಾನೆಲ್ ಸೊನ್ನೆಯ ಪೋರ್ಟ್ ಹೆಕ್ಸ್ 40.

ಪೋರ್ಟ್‌ಗೆ_ಬರೆ(ಹೆಕ್ಸ್ 43, ಹೆಕ್ಸ್ 34)
ಪೋರ್ಟ್‌ಗೆ_ಬರೆ(ಹೆಕ್ಸ್ 40, 156)
ಪೋರ್ಟ್‌ಗೆ_ಬರೆ(ಹೆಕ್ಸ್ 40, 46)

ಹೆಕ್ಸ್ 34 ಎಂದರೆ "ಚಾನೆಲ್ ಸೊನ್ನೆ, ಮೊದಲು ಕೆಳಗಿನ ಬೈಟ್ ಆಮೇಲೆ ಮೇಲಿನ ಬೈಟ್, ಮೋಡ್ 2". ಕೌಂಟರ್ ಕೆಳಗೆ ಮುಟ್ಟಿದ ಕೂಡಲೇ ಮತ್ತೆ 11932ರಿಂದ ಶುರು ಮಾಡುತ್ತದೆ. 46ನ್ನು 256ರಿಂದ ಗುಣಿಸಿ 156 ಕೂಡಿಸಿ ನೋಡಿ, 11932 ಬರುತ್ತದೆ. ಈ ಮೂರು ಸಾಲಿನ ಮಧ್ಯೆ ಇಂಟರಪ್ಟ್ ಮುಚ್ಚಿರಲಿ. ಎರಡು ಬೈಟಿನ ನಡುವೆ ಬೇರೆ ಯಾರಾದರೂ ಅದೇ ಪೋರ್ಟ್ ಮುಟ್ಟಿದರೆ ಭಾಜಕ ಕೆಟ್ಟುಹೋಗುತ್ತದೆ.

ಇಂಟರಪ್ಟ್ ಕಂಟ್ರೋಲರನ್ನು, ಅಂದರೆ ಪಿಐಸಿಯನ್ನು, ಇದಕ್ಕೂ ಮೊದಲೇ ಹೊಂದಿಸಿರಬೇಕು. ಬಯೋಸ್ ಬಿಟ್ಟುಹೋದ ಹಾಗೇ ಇಟ್ಟರೆ ಟೈಮರ್ ಇಂಟರಪ್ಟ್ 8ನೇ ನಂಬರಿಗೆ ಬರುತ್ತದೆ. ಪ್ರೊಟೆಕ್ಟೆಡ್ ಮೋಡ್‌ನಲ್ಲಿ 8 ಎಂದರೆ ಡಬಲ್ ಫಾಲ್ಟ್, ಅಂದರೆ ಒಂದು ದೋಷ ನಿಭಾಯಿಸುವಾಗಲೇ ಬಂದ ಇನ್ನೊಂದು ದೋಷ. ಟೈಮರ್ ಆನ್ ಮಾಡಿದ ತಕ್ಷಣ ಡಬಲ್ ಫಾಲ್ಟ್ ಕಂಡರೆ ಬೇರೆಲ್ಲೂ ಹುಡುಕಬೇಡಿ. ಪಿಐಸಿಯನ್ನು 32ನೇ ನಂಬರಿನಿಂದ ಶುರುವಾಗುವ ಹಾಗೆ ಬದಲಿಸಿ.

ಸೆಕೆಂಡಿಗೆ ಎಷ್ಟು ಟಿಕ್?

100 ಯಾಕೆ, 1000 ಯಾಕಲ್ಲ? ಎಲ್ಲರೂ ಕೇಳುತ್ತಾರೆ. ಲಿನಕ್ಸ್‌ನಲ್ಲೂ ಇದು ಓಲಾಡಿದೆ. ಎಕ್ಸ್86ನಲ್ಲಿ ಮೊದಲು 100 ಇತ್ತು, 2.6ರಲ್ಲಿ 1000 ಆಯಿತು, 2005ರ 2.6.13ರಲ್ಲಿ ಸಾಮಾನ್ಯ ಆಯ್ಕೆ 250ಕ್ಕೆ ಇಳಿಯಿತು.

ಉಡುಪಿಯವರಿಗೆ ಈ ಲೆಕ್ಕ ಹೊಸದಲ್ಲ. ಕೃಷ್ಣ ಮಠದ ಪೂಜೆ ಎಂಟು ಮಠಗಳ ನಡುವೆ ಸರದಿಯಲ್ಲಿ ಸಾಗುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಸರದಿ ಬದಲಾಗುತ್ತಿತ್ತು. 16ನೇ ಶತಮಾನದಲ್ಲಿ ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು. ಒಂದು ಪರ್ಯಾಯಕ್ಕೆ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಅಂತ ಎಷ್ಟು ಮುಂಚಿನಿಂದ ತಯಾರಿ ನಡೆಯುತ್ತದೆ ಎಂದು ನಾವೆಲ್ಲ ನೋಡಿದವರೇ. ಕೊನೆಗೆ ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ ಕೈ ಬದಲಾಗುತ್ತವೆ. ಕರ್ನಲ್‌ನಲ್ಲಿ ಕೈ ಬದಲಾಗುವುದು ರಿಜಿಸ್ಟರ್‌ಗಳು, ಸ್ಟ್ಯಾಕ್, ಪೇಜ್ ಟೇಬಲ್. ಸರದಿ ತೀರಾ ಚಿಕ್ಕದಾದರೆ ಹಸ್ತಾಂತರಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ತೀರಾ ದೊಡ್ಡದಾದರೆ ಸಾಲಿನಲ್ಲಿ ಕಾಯುವವರು ಬೇಸತ್ತು ಹೋಗುತ್ತಾರೆ. ಕಲಿಯುವ ಕರ್ನಲ್‌ಗೆ 100 ಹಿತ. ಅದರ ಮೇಲೆ ಐದು ಟಿಕ್‌ಗೊಮ್ಮೆ ಪ್ರೊಸೆಸ್ ಬದಲಿಸಿದರೆ 50 ಮಿಲಿಸೆಕೆಂಡಿನ ಸರದಿ ಆಯಿತು.

1000ಕ್ಕೆ ಹೋಗುವುದಾದರೆ ಇನ್ನೊಂದು ತೊಂದರೆ ಇದೆ. ಭಾಜಕ 1193.182 ಬರುತ್ತದೆ, ನೀವು 1193 ಹಾಕುತ್ತೀರಿ. ಈಗ ಟಿಕ್ ನಿಜವಾಗಿ ಬರುವುದು ಸೆಕೆಂಡಿಗೆ 1000.15 ಸಲ. "ಒಂದು ಟಿಕ್ ಎಂದರೆ ಒಂದು ಮಿಲಿಸೆಕೆಂಡ್" ಎಂದು ಲೆಕ್ಕ ಹಾಕಿದರೆ ಗಡಿಯಾರ ದಿನಕ್ಕೆ ಸುಮಾರು 13 ಸೆಕೆಂಡ್ ಮುಂದೆ ಓಡುತ್ತದೆ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಹತ್ತು ನಿಮಿಷ ಹೋಲಿಸಿದರೆ ಇದು ಗೊತ್ತೇ ಆಗುವುದಿಲ್ಲ, ಯಾಕಂದರೆ ಅಷ್ಟರಲ್ಲಿ ವ್ಯತ್ಯಾಸ ಸೆಕೆಂಡಿನ ಹತ್ತನೇ ಒಂದು ಭಾಗ ಕೂಡ ಆಗಿರುವುದಿಲ್ಲ. 100ರ ಭಾಜಕದಲ್ಲಿ ತಪ್ಪು ದಿನಕ್ಕೆ 1.3 ಸೆಕೆಂಡ್ ಮಾತ್ರ.

ಆದರೆ ಈ ತಪ್ಪನ್ನು ಪೂರ್ತಿ ಇಲ್ಲದಂತೆ ಮಾಡಬಹುದು. ಟಿಕ್‌ಗೆ ಇಷ್ಟು ಮಿಲಿಸೆಕೆಂಡ್ ಅಂತ ಎಣಿಸಲೇಬೇಡಿ. ಚಿಪ್‌ನ ಸ್ವಂತ ಎಣಿಕೆಯಲ್ಲೇ ಲೆಕ್ಕ ಇಡಿ. ಒಂದು ಟಿಕ್ ಎಂದರೆ 11932 ಎಣಿಕೆ, ಅಷ್ಟೇ. ಸೆಕೆಂಡ್‌ಗೆ ಬದಲಿಸುವುದು ಯಾರಾದರೂ ಕೇಳಿದಾಗ ಮಾತ್ರ. ಆಗ ಉಳಿಯುವುದು ಕ್ರಿಸ್ಟಲ್‌ನ ಸ್ವಂತ ದೋಷ ಒಂದೇ.

ವಾಚು ಓದುವುದು, ಇಲ್ಲಿ ನಿಧಾನಿಸಿ

ಟಿಕ್ ಎಣಿಕೆ ಒಂದನ್ನೇ ಓದಿದರೆ ವಾಚಿನ ಮುಳ್ಳು ಹತ್ತು ಮಿಲಿಸೆಕೆಂಡಿಗೊಮ್ಮೆ ಹಾರುತ್ತದೆ. ನಡುವಿನ ಹೊತ್ತು ಬೇಕಾದರೆ ಕೌಂಟರ್‌ನೊಳಗೆ ನೋಡಬೇಕು. ಹೆಕ್ಸ್ 43ಕ್ಕೆ ಸೊನ್ನೆ ಬರೆದರೆ ಚಿಪ್ ಆ ಕ್ಷಣದ ಎಣಿಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಹೆಕ್ಸ್ 40ರಿಂದ ಎರಡು ಬೈಟ್ ಓದಿ. ಕೌಂಟರ್ ಇಳಿಯುತ್ತಾ ಹೋಗುವುದರಿಂದ ಕಳೆದ ಹೊತ್ತು ಹೀಗೆ:

ಒಟ್ಟು = ಟಿಕ್ × 11932 + (11932 − ಕೌಂಟರ್)

ನೋಡಲು ಸರಳ, ಅಲ್ವಾ? ಇದರಲ್ಲಿ ಒಂದು ಗುಂಡಿ ಇದೆ. ಟಿಕ್ 500 ಆಗಿದೆ, ಕೌಂಟರ್ 40ಕ್ಕೆ ಇಳಿದಿದೆ ಅಂದುಕೊಳ್ಳಿ. ಉತ್ತರ: 500 ಟಿಕ್, ಅದರ ಮೇಲೆ 9.97 ಮಿಲಿಸೆಕೆಂಡ್. ಸರಿ. ಈಗ ನಿಮ್ಮ ಕೋಡ್ ಇಂಟರಪ್ಟ್ ಮುಚ್ಚಿಕೊಂಡು ಏನೋ ಮಾಡುತ್ತಿದೆ. ಅಷ್ಟರಲ್ಲಿ ಕೌಂಟರ್ ಕೆಳಗೆ ಮುಟ್ಟಿ ಮತ್ತೆ ಮೇಲೆ ಹೋಗಿ 11900ರಲ್ಲಿದೆ. ಇಂಟರಪ್ಟ್ ಬಾಗಿಲಲ್ಲೇ ಕಾಯುತ್ತಿದೆ, ಟಿಕ್ ಇನ್ನೂ 500. ಈಗ ಓದಿದರೆ ಉತ್ತರ: 500 ಟಿಕ್, ಅದರ ಮೇಲೆ 0.03 ಮಿಲಿಸೆಕೆಂಡ್. ಹೊತ್ತು ಹಿಂದಕ್ಕೆ ಹೋಯಿತು!

ಹಿಂದಕ್ಕೆ ಹೋಗುವ ವಾಚು ನಿಂತ ವಾಚಿಗಿಂತ ಕೆಟ್ಟದ್ದು. ಒಂದು ಸಮಯದಿಂದ ಇನ್ನೊಂದನ್ನು ಕಳೆದು, ಉತ್ತರವನ್ನು ಚಿಹ್ನೆಯಿಲ್ಲದ ಸಂಖ್ಯೆಯಲ್ಲಿಟ್ಟರೆ ಅದು ನೂರಾರು ವರ್ಷ ಆಗಿಬಿಡುತ್ತದೆ. ಮಲಗಿದ ಪ್ರೊಸೆಸ್ ಏಳುವುದೇ ಇಲ್ಲ.

ಪರಿಹಾರಕ್ಕೆ ಎರಡು ಪದರ ಹಾಕಿ. ಮೊದಲು, ಓದಿದ ಮೇಲೆ ಟೈಮರ್ ಇಂಟರಪ್ಟ್ ಬಾಕಿ ಇದೆಯಾ ಅಂತ ಪಿಐಸಿಯನ್ನು ಕೇಳಿ. ಹೆಕ್ಸ್ 20ಕ್ಕೆ ಹೆಕ್ಸ್ 0ಎ ಬರೆದು ಅದೇ ಪೋರ್ಟ್ ಓದಿದರೆ ಬಾಕಿ ಇರುವವುಗಳ ಪಟ್ಟಿ ಸಿಗುತ್ತದೆ. ಸೊನ್ನೆಯ ಬಿಟ್ ಆನ್ ಆಗಿದ್ದು ಕೌಂಟರ್ ಇನ್ನೂ ಮೇಲಿನ ಅರ್ಧದಲ್ಲಿದ್ದರೆ ಒಂದು ಟಿಕ್ ಕೂಡಿಸಿ. ಎರಡನೆಯದಾಗಿ, ಕಳೆದ ಸಲ ಕೊಟ್ಟ ಉತ್ತರವನ್ನು ನೆನಪಿಟ್ಟುಕೊಳ್ಳಿ. ಹೊಸದು ಅದಕ್ಕಿಂತ ಚಿಕ್ಕದಾದರೆ ಹಳೆಯದನ್ನೇ ಕೊಡಿ. ಎರಡನೆಯದು ಸುಮ್ನೆ ತೇಪೆ ಹಾಕಿದ ಹಾಗಲ್ಲವೇ ಎಂದು ಕೇಳಿದವರಿದ್ದಾರೆ. ಮೊದಲ ಪದರ ಇಲ್ಲದಿದ್ದರೆ ತೇಪೆ, ಇದ್ದರೆ ಕಾವಲು.

32 ಬಿಟ್ ಕರ್ನಲ್ ಆದರೆ ಇನ್ನೊಂದು ಎಚ್ಚರ. 64 ಬಿಟ್‌ನ ಟಿಕ್ ಸಂಖ್ಯೆಯನ್ನು ಪ್ರೊಸೆಸರ್ ಎರಡು ಸಲ ಓದುತ್ತದೆ. ಮಧ್ಯೆ ಇಂಟರಪ್ಟ್ ಬಂದರೆ ಅರ್ಧ ಹಳೆಯದು, ಅರ್ಧ ಹೊಸದು. ಇಂಟರಪ್ಟ್ ಮುಚ್ಚಿ ಓದಿ, ಕೂಡಲೇ ತೆರೆಯಿರಿ.

ನಾಲ್ಕು ಗಂಟೆ ಹದಿನೇಳು ನಿಮಿಷ

ಎಣಿಕೆಯನ್ನು ನ್ಯಾನೊಸೆಕೆಂಡಿಗೆ ಬದಲಿಸುವ ಸೂತ್ರ ಎಲ್ಲರ ಕೈಗೂ ಮೊದಲು ಹೀಗೇ ಬರುತ್ತದೆ: ಎಣಿಕೆಯನ್ನು 100 ಕೋಟಿಯಿಂದ ಗುಣಿಸು, 1193182ರಿಂದ ಭಾಗಿಸು. 64 ಬಿಟ್ ಇದೆಯಲ್ಲ, ಇನ್ನೇನು ಭಯ?

ಕಾಪುವಿನಿಂದ ಬರುವ ಹುಡುಗಿಯೊಬ್ಬಳು ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ತನ್ನ ಕರ್ನಲ್ ಓಡಲು ಬಿಟ್ಟಳು. ಸ್ಕ್ರೀನಿನ ಮೂಲೆಯಲ್ಲಿ ಸೆಕೆಂಡುಗಳು ಏರುತ್ತಿದ್ದವು. ನಾವು ಬೇರೆ ಕೆಲಸದಲ್ಲಿದ್ದೆವು. ಸಂಜೆ ಆರೂಕಾಲು ದಾಟಿತ್ತು, ಹೊರಗೆ ಮಳೆ. "ಅಕ್ಕ, ಗಡಿಯಾರ ಸೊನ್ನೆಗೆ ಹೋಯ್ತು!" ಎಂದು ಕೂಗಿದಳು. 15460 ತೋರಿಸುತ್ತಿದ್ದದ್ದು ಒಮ್ಮೆಲೇ 0 ಆಗಿ ಮತ್ತೆ 1, 2, 3 ಎಂದು ಎಣಿಸುತ್ತಿತ್ತು. ಕರ್ನಲ್ ರೀಬೂಟ್ ಆಗಿರಲಿಲ್ಲ.

ಕಾಗದ ತೆಗೆದುಕೊಂಡು ಕೂತೆವು. 64 ಬಿಟ್‌ನಲ್ಲಿ ಹಿಡಿಸುವ ದೊಡ್ಡ ಸಂಖ್ಯೆಯನ್ನು 100 ಕೋಟಿಯಿಂದ ಭಾಗಿಸಿದೆವು, ಆಮೇಲೆ 1193182ರಿಂದ. ಬಂದದ್ದು 15460. ನಾಲ್ಕು ಗಂಟೆ ಹದಿನೇಳು ನಿಮಿಷ ಚಿಲ್ಲರೆ. ಗುಣಾಕಾರ ತುಂಬಿ ಹರಿದಿತ್ತು. ಉತ್ತರ ಕಾಗದದ ಮೇಲೆ ಮೂಡಿದಾಗ ಅವಳ ಮುಖ ಅರಳಿದ್ದು ನನಗೆ ಈಗಲೂ ನೆನಪಿದೆ. ದೋಷ ಎಲ್ಲಿದೆ ಎಂದು ಊಹಿಸಿದ್ದಲ್ಲ, ಲೆಕ್ಕ ಹಾಕಿ ಹಿಡಿದದ್ದು.

ಸರಿಪಡಿಸುವುದು ಸುಲಭ. ಮೊದಲು ಭಾಗಿಸಿ:

ಸೆಕೆಂಡ್ = ಎಣಿಕೆ ÷ 1193182
ಉಳಿಕೆ = ಭಾಗಿಸಿ ಉಳಿದದ್ದು
ನ್ಯಾನೊ = ಉಳಿಕೆ × 1000000000 ÷ 1193182

ಉಳಿಕೆ ಎಂದಿಗೂ 1193182 ಮುಟ್ಟುವುದಿಲ್ಲ, ಹಾಗಾಗಿ ಗುಣಾಕಾರ ತುಂಬುವ ಭಯವಿಲ್ಲ.

ವಿಸಿಲ್: ಹ್ಯಾಂಡ್ಲರ್ ಮತ್ತು ಪಟ್ಟಿ

ಟಿಕ್ ಬಂದಾಗ ಓಡುವ ಹ್ಯಾಂಡ್ಲರ್ ಆದಷ್ಟು ಚಿಕ್ಕದಿರಲಿ.

ಟಿಕ್_ಬಂತು():
ಟಿಕ್ = ಟಿಕ್ + 1
ಹೊತ್ತು_ಮೀರಿದವರನ್ನು_ಎಬ್ಬಿಸು()
ಸರದಿ ಮುಗಿದಿದ್ದರೆ: ಬದಲಿಸಬೇಕು = ಹೌದು
ಪಿಐಸಿಗೆ_ಮುಗಿಯಿತು_ಎನ್ನು()

ಕೊನೆಯ ಸಾಲು ಎಂದರೆ ಹೆಕ್ಸ್ 20ಕ್ಕೆ ಹೆಕ್ಸ್ 20 ಬರೆಯುವುದು. ಪ್ರೊಸೆಸ್ ಬದಲಿಸುವುದು ಇದಾದ ಮೇಲೆ, ಇಂಟರಪ್ಟ್‌ನಿಂದ ಹೊರಬರುವ ದಾರಿಯಲ್ಲಿ. ಹಿಂದುಮುಂದು ಮಾಡಿದರೆ ಹೊಸ ಪ್ರೊಸೆಸ್ ಓಡಲು ಶುರುವಾಗುತ್ತದೆ, ಪಿಐಸಿ ಮಾತ್ರ "ಹಳೆಯದು ಇನ್ನೂ ಮುಗಿದಿಲ್ಲ" ಎಂದು ಕಾಯುತ್ತಾ ಕೂರುತ್ತದೆ. ಮುಂದಿನ ಟಿಕ್ ಬರುವುದೇ ಇಲ್ಲ. ಒಂದೇ ಟಿಕ್ ಬಂದು ಎಲ್ಲ ನಿಂತಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಸಾಲು ಎಲ್ಲಿದೆ ಎಂದು.

ಹ್ಯಾಂಡ್ಲರ್ ಒಳಗೆ ಪ್ರಿಂಟ್ ಮಾಡಬೇಡಿ, ಮೆಮೊರಿ ಕೇಳಬೇಡಿ, ಲಾಕ್‌ಗೆ ಕಾಯುತ್ತಾ ಮಲಗಬೇಡಿ. 9600 ಬಾಡ್‌ನ ಸೀರಿಯಲ್ ಪೋರ್ಟ್‌ಗೆ 80 ಅಕ್ಷರದ ಒಂದು ಸಾಲು ಕಳಿಸಲು 83 ಮಿಲಿಸೆಕೆಂಡ್ ಬೇಕು. ಇಂಟರಪ್ಟ್ ಮುಚ್ಚಿಕೊಂಡು ಅಷ್ಟು ಹೊತ್ತು ಕಾದರೆ ಎಂಟು ಟಿಕ್ ಬಂದುಹೋಗಿರುತ್ತವೆ. ಪಿಐಸಿಯಲ್ಲಿ ಬಾಕಿ ಗುರುತಿಸಲು ಇರುವುದು ಒಂದೇ ಬಿಟ್. ಎಂಟರಲ್ಲಿ ಒಂದು ಉಳಿಯುತ್ತದೆ, ಏಳು ಹೋದವು. ವಿಸಿಲ್ ಎಣಿಸಿ ವಾಚು ನಡೆಸಬಾರದು ಎಂದು ಶುರುವಿನಲ್ಲೇ ಪಟ್ಟು ಹಿಡಿದದ್ದು ಇದಕ್ಕೇ. ಪಿಐಟಿಯಲ್ಲಿ ಎರಡೂ ಒಂದೇ ಕೌಂಟರ್, ಬೇರೆ ದಾರಿಯಿಲ್ಲ. ಹಾಗಾಗಿ ಇಂಟರಪ್ಟ್ ಮುಚ್ಚುವ ಹೊತ್ತನ್ನು ಒಂದು ಟಿಕ್‌ನೊಳಗೆ ಇಡಲೇಬೇಕು.

ಮಲಗಿದವರ ಪಟ್ಟಿಯನ್ನು ಏಳುವ ಹೊತ್ತಿನ ಕ್ರಮದಲ್ಲಿ ಜೋಡಿಸಿದ ಲಿಂಕ್ಡ್ ಲಿಸ್ಟ್ ಮಾಡಿ. ಹ್ಯಾಂಡ್ಲರ್ ತಲೆಯನ್ನು ಮಾತ್ರ ನೋಡಿದರೆ ಸಾಕು. ಟೈಮರ್ ವೀಲ್, ಹೀಪ್ ಎಲ್ಲ ಆಮೇಲೆ, ನಿಜಕ್ಕೂ ಸಾವಿರ ಟೈಮರ್ ಬಂದಾಗ.

"ಮೂರು ಟಿಕ್ ಮಲಗು" ಎಂದರೆ ನಾಲ್ಕು ಟಿಕ್ ಮಲಗಿಸಿ. ಈಗಿನ ಟಿಕ್ ಎಷ್ಟು ಸವೆದಿದೆಯೋ ಗೊತ್ತಿಲ್ಲ. ಹೇಳಿದ್ದಕ್ಕಿಂತ ಸ್ವಲ್ಪ ತಡವಾಗಿ ಎಬ್ಬಿಸಬಹುದು, ಮೊದಲೇ ಎಬ್ಬಿಸಬಾರದು.

ಹೊತ್ತು ಮೀರಿತೇ ಎಂದು ನೋಡುವಾಗ ಎರಡನ್ನು ನೇರ ಹೋಲಿಸಬೇಡಿ. ಕಳೆಯಿರಿ. 32 ಬಿಟ್ ಎಣಿಕೆಯಲ್ಲಿ ಗಡುವು 4294967290, ಎಣಿಕೆ ಸುತ್ತು ಹಾಕಿ ಈಗ 5 ಆಗಿದೆ ಅಂದುಕೊಳ್ಳಿ. ನೇರ ಹೋಲಿಸಿದರೆ 5 ಚಿಕ್ಕದು, ಇನ್ನೂ ಬಹಳ ಹೊತ್ತಿದೆ ಎನ್ನುತ್ತದೆ. 5ರಿಂದ ಗಡುವನ್ನು 32 ಬಿಟ್‌ನಲ್ಲೇ ಕಳೆದರೆ 11. ಆ ಉತ್ತರವನ್ನು ಚಿಹ್ನೆಯಿರುವ ಸಂಖ್ಯೆಯಾಗಿ ನೋಡಿ. ಸೊನ್ನೆ ಅಥವಾ ಅದಕ್ಕಿಂತ ದೊಡ್ಡದಾದರೆ ಹೊತ್ತು ಮೀರಿದೆ. ಮಿಲಿಸೆಕೆಂಡಿನ 32 ಬಿಟ್ ಎಣಿಕೆ ಸುತ್ತು ಹಾಕುವುದು 49.7 ದಿನಕ್ಕೆ. ವಿಂಡೋಸ್ 95 ಅಷ್ಟು ದಿನ ಸತತ ಓಡಿದರೆ ನಿಲ್ಲುತ್ತಿದ್ದದ್ದು ಇದೇ ಸುತ್ತಿನಿಂದ.

ಇದನ್ನು ಪರೀಕ್ಷಿಸಲು 49 ದಿನ ಕಾಯಬೇಕಾಗಿಲ್ಲ. ಲಿನಕ್ಸ್ ತನ್ನ ಟಿಕ್ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ, ಸುತ್ತು ಬೀಳಲು ಐದು ನಿಮಿಷ ಇರುವ ಹಾಗೆ ಶುರು ಮಾಡುತ್ತದೆ. ತಪ್ಪು ಕೋಡ್ ಬೂಟ್ ಆದ ಐದೇ ನಿಮಿಷಕ್ಕೆ ಸಿಕ್ಕಿಬೀಳುತ್ತದೆ. ನನಗೆ ತುಂಬ ಇಷ್ಟವಾದ ಉಪಾಯ ಇದು. ನಿಮ್ಮ ಕರ್ನಲ್‌ನಲ್ಲೂ ಇವತ್ತೇ ಹಾಕಿಕೊಳ್ಳಿ.

ಚಿಪ್ ಬದಲಿಸಿ ನೋಡಿ

ಪಿಐಟಿ ಸರಿಯಾಗಿ ಓಡಿದ ಮೇಲೆ ಎರಡನೇ ಡ್ರೈವರ್ ಬರೆಯಿರಿ. ವಿನ್ಯಾಸ ಗಟ್ಟಿಯಿದೆಯೇ ಎಂದು ತಿಳಿಯುವುದು ಆಗಲೇ. ಎಕ್ಸ್86ನಲ್ಲೇ ಉಳಿಯುವುದಾದರೆ ಎಚ್‌ಪಿಇಟಿ ಎಂಬ ಇನ್ನೊಂದು ಟೈಮರ್ ಇದೆ. ಅದರ ಕೌಂಟರ್ ಸುಮ್ನೆ ಏರುತ್ತಾ ಹೋಗುತ್ತದೆ, ಕನಿಷ್ಠ 10 ಮೆಗಾಹರ್ಟ್ಸ್, ತನ್ನ ವೇಗವನ್ನು ತಾನೇ ರಿಜಿಸ್ಟರ್‌ನಲ್ಲಿ ಹೇಳುತ್ತದೆ. ಒಳ್ಳೆಯ ವಾಚು. ಪ್ರೊಸೆಸರ್‌ನೊಳಗೇ ಇರುವ ಲೋಕಲ್ ಎಪಿಐಸಿ ಟೈಮರ್ ಒಳ್ಳೆಯ ವಿಸಿಲ್, ಆದರೆ ಅದರ ವೇಗವನ್ನು ಪಿಐಟಿ ಜೊತೆ ಹೋಲಿಸಿ ಅಳೆದುಕೊಳ್ಳಬೇಕು.

ನಾನಾದರೆ ರಿಸ್ಕ್-ಫೈವ್ ಎಂಬ ಬೇರೆ ಬಗೆಯ ಪ್ರೊಸೆಸರ್‌ಗೆ ಹೋಗುತ್ತೇನೆ. ಕ್ಯೂಇಎಂಯುವಿನ 'ವರ್ಟ್' ಯಂತ್ರದಲ್ಲಿ ಕೌಂಟರ್ ಸೆಕೆಂಡಿಗೆ ಒಂದು ಕೋಟಿ ಸಲ ಏರುತ್ತದೆ, 64 ಬಿಟ್ ಅಗಲ. ಅದನ್ನು ಓದುವುದೇ ವಾಚು. ಪಕ್ಕದಲ್ಲಿ ಹೋಲಿಕೆಯ ರಿಜಿಸ್ಟರ್ ಇದೆ. ಕೌಂಟರ್ ಅದನ್ನು ಮುಟ್ಟಿದಾಗ ಇಂಟರಪ್ಟ್ ಬರುತ್ತದೆ. ಅದೇ ವಿಸಿಲ್. ಒಂದೇ ಎಚ್ಚರ: ಹೊಸ ಗಡುವು ಬರೆಯದೆ ಹ್ಯಾಂಡ್ಲರ್‌ನಿಂದ ಹೊರಬಂದರೆ ಅದೇ ಇಂಟರಪ್ಟ್ ಆ ಕ್ಷಣವೇ ಮತ್ತೆ ಬರುತ್ತದೆ. ಮುಂದಿನ ಗಡುವು ಇಲ್ಲದಿದ್ದರೆ ಹಿಡಿಸುವಷ್ಟು ದೊಡ್ಡ ಸಂಖ್ಯೆ ಬರೆದುಬಿಡಿ.

ಕಾಪುವಿನ ಹುಡುಗಿ ಹೋದ ತಿಂಗಳು ತನ್ನ ಕರ್ನಲನ್ನು ರಿಸ್ಕ್-ಫೈವ್‌ಗೆ ತಂದಳು. ಬೂಟ್ ಕೋಡ್‌ಗೆ ಮೂರು ವಾರ ಹಿಡಿಯಿತು, ಪೇಜ್ ಟೇಬಲ್‌ಗೆ ಎರಡು. ಟೈಮರ್‌ಗೆ ಒಂದು ಸಂಜೆ. ಸ್ಲೀಪ್ ಮತ್ತು ಮಲಗಿದವರ ಪಟ್ಟಿಯ ಫೈಲುಗಳಲ್ಲಿ ಅವಳು ಬದಲಿಸಿದ್ದು ಒಂದೇ ಸಾಲು, ಯಾವ ವಾಚು ಯಾವ ವಿಸಿಲ್ ಎಂದು ಹೇಳುವ ಸಾಲು.